15 ತುಂಬಿದ ಆಲ್ಟೋ ಮತ್ತು ಆರ್‌ಟಿಒ ಗ್ರೌಂಡ್

ನಮ್ಮ ಆಲ್ಟೋ 2010ರ ಗಾಡಿ. ಅದಕ್ಕೆ 15 ವರ್ಷ ತುಂಬುತ್ತಿದೆ ಅಂತ ಗೊತ್ತಾದ ಕೂಡಲೇ ನೆಂಟರಿಷ್ಟರೆಲ್ಲ ಅದರ ತಿಥಿ ಊಟಕ್ಕೆ ತಯಾರಾಗಿಬಿಟ್ಟರು. "ಗುಜರಿಗೆ ಹಾಕಲೇಬೇಕಂತೆ" ಅಂದರು ಭಾವ. "ಬಂಕ್‌ನಲ್ಲಿ ಪೆಟ್ರೋಲೇ ಹಾಕಲ್ವಂತೆ" ಅಂದಳು ಓರಗಿತ್ತಿ. ಅದೆಲ್ಲ ದೆಹಲಿ ಕಡೆಯ ಕಥೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಎರಡರ ಆದೇಶವೂ ಬಂದಿತ್ತು. ಇನ್ನು ಸರ್ಕಾರಿ ಇಲಾಖೆಗಳ ಗಾಡಿಗೆ 2023ರ ಏಪ್ರಿಲ್‌ನಿಂದ 15 ವರ್ಷವೇ ಕೊನೆ. ನಮ್ಮ ಊರಿನ ಮನೆ ಕಾರಿಗೆ ಈ ಯಾವುದೂ ಇಲ್ಲ. ಆರ್‌ಟಿಒಗೆ ಗಾಡಿ ತೋರಿಸಿ ಪಾಸಾದರೆ ಇನ್ನೂ 5 ವರ್ಷ ಓಡಿಸಬಹುದು. ಅದು ಮುಗಿದ ಮೇಲೆ ಮತ್ತೆ ತೋರಿಸಿ ಮತ್ತೆ 5.

ಜನ ಇದನ್ನು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅಂತಲೇ ಕರೆಯುತ್ತಾರೆ. ಕಾಗದದ ಮೇಲೆ ಅದು ಆರ್‌ಸಿ, ಅಂದರೆ ನೋಂದಣಿ ಪತ್ರದ ರಿನ್ಯೂವಲ್. ಫಾರಂ 25ರಲ್ಲಿ ಅರ್ಜಿ ಹಾಕಬೇಕು, ಅವಧಿ ಮುಗಿಯುವುದಕ್ಕೆ 60 ದಿನ ಉಳಿದಾಗಿನಿಂದ ಹಾಕಬಹುದು. ಫೀಸು ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ ಒಂದೇ ಏಟಿಗೆ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ದಾರೆ. ಅವಧಿ ಮುಗಿಸಿಕೊಂಡು ಹೋದರೆ ತಿಂಗಳಿಗೆ 500ರಂತೆ ದಂಡ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ದಂಡಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ರಸ್ತೆಗಿಳಿದರೆ ಕಾನೂನಿನ ಲೆಕ್ಕದಲ್ಲಿ ಅದು ನೋಂದಣಿಯೇ ಇಲ್ಲದ ಗಾಡಿ. ಆಗ ಏನಾದರೂ ಆದರೆ ಇನ್ಶೂರೆನ್ಸ್‌ನವರ ಜೊತೆ ಜಗಳ ಗ್ಯಾರಂಟಿ.

ಅರ್ಜಿ ಪರಿವಾಹನ್ ಪೋರ್ಟಲ್‌ನಲ್ಲೇ ಹಾಕಬಹುದು. ಸೆಕೆಂಡ್ ಹ್ಯಾಂಡ್ ಗಾಡಿಯವರು ಒಂದು ವಿಷಯ ಮೊದಲೇ ನೋಡಿಕೊಳ್ಳಿ. ದಾಖಲೆಯಲ್ಲಿ ಹಳೇ ಓನರ್ ಮೊಬೈಲ್ ನಂಬರ್ ಇದ್ದರೆ ಒಟಿಪಿ ಅವರಿಗೇ ಹೋಗುತ್ತದೆ. ನಮ್ಮ ಪುಣ್ಯಕ್ಕೆ ಹಳೇ ಓನರ್ ನಮ್ಮ ಚಿಕ್ಕಮ್ಮನ ಕಡೆಯವರು. ಫೋನ್ ಮಾಡಿದರೆ ಒಟಿಪಿ ಜೊತೆ ಊರಿನ ಸುದ್ದಿಯೂ ಸಿಗುತ್ತದೆ.

ಕಾರಿನ ಜಾತಕ ಇಷ್ಟು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಹೊಗೆಯ ನಿಯಮ ಬಿಎಸ್ 3. ಎಂಜಿನ್ ವಿಷಯದಲ್ಲಿ ಎರಡು ಮಾತಿಲ್ಲ, ಇವತ್ತಿಗೂ ಒಂದೇ ಸಲ ಕೀ ತಿರುಗಿಸಿದರೆ ಸ್ಟಾರ್ಟ್. ಆದರೆ ಗಾಡಿ ಮೊದಲ ಎಂಟು ವರ್ಷ ಇದ್ದದ್ದು ಮರವಂತೆ ಹತ್ತಿರ. ಅಲ್ಲಿ ಹೈವೇಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ನೋಡಲು ಚಂದ, ತಗಡಿಗೆ ಯಮ. ಉಪ್ಪಿನ ಗಾಳಿ, ನಾಲ್ಕು ತಿಂಗಳ ಮಳೆ, ಶೆಡ್ಡಿಲ್ಲದೆ ತೆಂಗಿನ ಮರದ ಬುಡದಲ್ಲಿ ನಿಂತ ಗಾಡಿ. ಘಟ್ಟದ ಮೇಲಿನ ಬ್ರೋಕರ್‌ಗಳು ಕರಾವಳಿಯ ಕೆಎ 19, ಕೆಎ 20 ನಂಬರ್ ಕಂಡರೆ ಮೊದಲು ಬಗ್ಗಿ ಅಡಿಭಾಗ ನೋಡುವುದು ಸುಮ್ನೆ ಅಲ್ಲ. ಆಮೇಲೆ ಅದು ನಮ್ಮ ತೀರ್ಥಹಳ್ಳಿಗೆ ಬಂತು. ಇಲ್ಲಿ ಉಪ್ಪಿಲ್ಲ, ಮಳೆಗೇನೂ ಕಡಿಮೆಯಿಲ್ಲ.

ಆರ್‌ಟಿಒ ಗ್ರೌಂಡ್‌ನಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ (ಮೋಟಾರು ವಾಹನ ನಿರೀಕ್ಷಕರು) ನೋಡುವುದು ಕಣ್ಣಿಗೆ ಕಾಣುವುದನ್ನು. ಲೈಟು, ಹಾರ್ನು, ವೈಪರ್, ಟೈರು, ಬ್ರೇಕು, ನಂಬರ್ ಪ್ಲೇಟು, ಮುಖ್ಯವಾಗಿ ಚಾಸಿಸ್ ನಂಬರ್. ಅಲ್ಲಿ ಲಿಫ್ಟ್ ಇರಲಿಲ್ಲ, ಗಾಡಿಯ ಕೆಳಗೆ ಮಲಗಿ ನೋಡಲು ಯಾರಿಗೂ ಪುರಸೊತ್ತೂ ಇಲ್ಲ. ಹಳೇ ಗಾಡಿ ಕೈಕೊಡುವುದು ಮಾತ್ರ ಅಡಿಯಲ್ಲೇ. ಹಾಗಾಗಿ ನಾನು ಮೊದಲು ಗ್ಯಾರೇಜಿಗೆ ಹೋದೆ. ಅಲ್ಲಿ ಪಾಸಾಗುವುದೇ ನಿಜವಾದ ಎಫ್‌ಸಿ ಅನ್ನುವುದು ನನ್ನ ಅಭಿಪ್ರಾಯ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ನಮ್ಮನ್ನು ಕಾಯುವುದು ಆರ್‌ಸಿ ಕಾರ್ಡ್ ಅಲ್ಲವಲ್ಲ.

ಮೇಸ್ತ್ರಿ ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿದ. ಮೊದಲು ಕೈಗೆ ತೆಗೆದುಕೊಂಡದ್ದು ಟಾರ್ಚ್ ಮತ್ತು ಒಂದು ಹಳೇ ಸ್ಕ್ರೂ ಡ್ರೈವರ್. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿ ಇದೆಯಲ್ಲ, ರನ್ನಿಂಗ್ ಬೋರ್ಡ್ ಅನ್ನುತ್ತಾರೆ, ಅದಕ್ಕೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಟಕ್ ಟಕ್ ಅಂತ ತಟ್ಟುತ್ತಾ ಹೋದ. ಮುಂದಿನ ಚಕ್ರದಿಂದ ಅರ್ಧದವರೆಗೆ ಗಟ್ಟಿ ಸದ್ದು. ಹಿಂದಿನ ಬಾಗಿಲ ಹತ್ತಿರ ಬರುತ್ತಿದ್ದಂತೆ ಸದ್ದು ಡಬ್ ಅಂತ ಸತ್ತುಹೋಯಿತು. "ಅಕ್ಕಾ, ಇಲ್ಲಿ ಬನ್ನಿ" ಅಂದ. ತುದಿ ತಿರುಗಿಸಿ ಮೆಲ್ಲಗೆ ಒತ್ತಿದ. ಜೋರು ಮಾಡಲೇ ಇಲ್ಲ. ಸ್ಕ್ರೂ ಡ್ರೈವರ್ ಎರಡು ಇಂಚು ಒಳಗೆ ಹೋಯಿತು. ಹೊರಗೆ ಎಳೆದಾಗ ಕಂದು ಬಣ್ಣದ ಹುಡಿ, ಅದರ ಹಿಂದೆಯೇ ಒದ್ದೆ ಮಣ್ಣು ಉದುರಿತು. ಮೇಲಿನಿಂದ ನೋಡಿದರೆ ಬಣ್ಣ ಫಳಫಳ ಹೊಳೆಯುತ್ತಿತ್ತು.

"ನೀರು ಹೋಗೋಕೆ ಅಂತ ಕಂಪನಿಯವರೇ ಅಡಿಯಲ್ಲಿ ತೂತು ಬಿಟ್ಟಿರ್ತಾರೆ. ಯಾರೋ ಅಂಡರ್ ಬಾಡಿ ಕೋಟಿಂಗ್ ಮಾಡಿಸುವಾಗ ಅದರ ಮೇಲೇ ಹೊಡೆದುಬಿಟ್ಟಿದಾರೆ. ನೀರು ಒಳಗೇ ನಿಂತಿದೆ" ಅಂದ. ತುಕ್ಕು ಬಾರದಿರಲಿ ಅಂತ ದುಡ್ಡು ಕೊಟ್ಟು ಬಳಿಸಿದ ಕಪ್ಪು ಕೋಟಿಂಗೇ ತುಕ್ಕಿಗೆ ಮನೆ ಕಟ್ಟಿಕೊಟ್ಟಿತ್ತು!

ಮ್ಯಾಟ್, ಅದರ ಕೆಳಗಿನ ಕಾರ್ಪೆಟ್ ಎತ್ತಿಸಿದ. ಡ್ರೈವರ್ ಕಾಲಿಡುವ ಜಾಗದಲ್ಲಿ ಫೆಲ್ಟ್ ಹಿಂಡಿದರೆ ನೀರು ಬರುವಷ್ಟು ಒದ್ದೆ. ಅದರಡಿ ತಗಡಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ತೂತು, ಅದರೊಳಗಿಂದ ಗ್ಯಾರೇಜಿನ ನೆಲ ಕಾಣುತ್ತಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯೂ ಸ್ವಲ್ಪ ತಿಂದಿತ್ತು. ಮುಂದೆ ಶಾಕ್ ಅಬ್ಸಾರ್ಬರ್ ಕೂರುವ ಟವರ್ ಮಾತ್ರ ಗಟ್ಟಿಯಾಗಿತ್ತು. ಮೇಸ್ತ್ರಿ ಅದನ್ನು ನೋಡಿದ ಮೇಲೇ ಸಮಾಧಾನದ ಮುಖ ಮಾಡಿದ. "ಟವರ್ ಹೋಗಿದ್ರೆ ನಾನೇ ಗುಜರಿಗೆ ಹಾಕಿ ಅಂತಿದ್ದೆ" ಅಂದ.

ಲಾರಿ, ಜೀಪಿಗಿರುವಂತೆ ಇಂಥ ಸಣ್ಣ ಕಾರಿಗೆ ಬೇರೆ ಚಾಸಿಸ್ ಇರುವುದಿಲ್ಲ. ಬಾಡಿಯೇ ಚಾಸಿಸ್. ರನ್ನಿಂಗ್ ಬೋರ್ಡ್, ಫ್ಲೋರ್, ಟವರ್ ಎಲ್ಲ ಸೇರಿ ಭಾರ ಹೊರುತ್ತವೆ. ಗುದ್ದಿದಾಗ ಪೆಟ್ಟು ತಿನ್ನುವುದೂ ಅವೇ. ಹಾಗಾಗಿ ತುಕ್ಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಇನ್‌ಸ್ಪೆಕ್ಟರ್ ಕಣ್ಣಿಗೆ ಪಾಸ್, ಗಾಡಿಗೆ ಫೇಲ್. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಈ ಪುಟ್ಟಿ ವ್ಯಾಪಾರ ಜೋರಾಗಿಯೇ ಇದೆ. ಹಾಳಾದ ತಗಡನ್ನು ಗಟ್ಟಿ ಜಾಗದವರೆಗೆ ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸಿ ವೆಲ್ಡ್ ಮಾಡುವುದೊಂದೇ ದಾರಿ. ಬಾಡಿ ಕೆಲಸದ ಟಿಂಕರ್ ಹತ್ತಿರ ಅದನ್ನೇ ಮಾಡಿಸಿದೆ. ಪೆಟ್ರೋಲ್ ಪೈಪು ಹೋಗುವುದು ಅದೇ ಫ್ಲೋರಿನ ಅಡಿಯಲ್ಲಿ. ಅದನ್ನು ಬಿಚ್ಚಿ ಸರಿಸದೆ, ಬ್ಯಾಟರಿ ತೆಗೆಯದೆ, ಕಾರ್ಪೆಟ್ ಹೊರಗಿಡದೆ ವೆಲ್ಡಿಂಗ್ ಶುರು ಮಾಡುವ ಟಿಂಕರ್ ಸಿಕ್ಕಿದರೆ ಕೀ ಇಸ್ಕೊಂಡು ವಾಪಸ್ ಬನ್ನಿ. ನಮ್ಮ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ತಗಡಿಗೇ ಹೋಯಿತು.

ಉಳಿದದ್ದು 15 ವರ್ಷದ ಯಾವ ಕಾರಿನಲ್ಲೂ ಕಾಣುವ ಮಾಮೂಲಿ ರೋಗಗಳು. ಎಡಗಡೆ ಚಕ್ರ ಹಿಡಿಯುವ ಲೋವರ್ ಆರ್ಮಿನ ರಬ್ಬರ್ ಬುಷ್ ಹರಿದಿತ್ತು, ಹೊಂಡಕ್ಕೆ ಇಳಿದಾಗೆಲ್ಲ ಕಟಕಟ ಅನ್ನುತ್ತಿದ್ದದ್ದು ಅದೇ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಸೀಳಿ ಗ್ರೀಸ್ ಎಲ್ಲ ಚಕ್ರದ ಒಳಗೋಡೆಗೆ ಚಿಮ್ಮಿತ್ತು. ಬೂಟು ಕೆಲವು ನೂರರ ಮಾತು. ಬಿಟ್ಟುಬಿಟ್ಟರೆ ಕೆಸರು ಹೋಗಿ ಜಾಯಿಂಟೇ ಸವೆಯುತ್ತದೆ, ಅದು ಸಾವಿರಗಳ ಮಾತು. ನಮ್ಮದರಲ್ಲಿ ತಿರುವಿನಲ್ಲಿ ಇನ್ನೂ ಟಿಕ್ ಟಿಕ್ ಸದ್ದು ಬಂದಿರಲಿಲ್ಲ, ಬೂಟಿಗೇ ಮುಗಿಯಿತು.

ಬ್ರೇಕಿನಲ್ಲಿ ಸಿಕ್ಕಿದ್ದು ನನ್ನನ್ನು ಸ್ವಲ್ಪ ಹೆದರಿಸಿತು. ಮುಂದೆ ಡಿಸ್ಕ್ ಸರಿ ಇತ್ತು. ಹಿಂದಿನ ಡ್ರಮ್ ಬಿಚ್ಚಿದರೆ ಬಲಗಡೆ ವೀಲ್ ಸಿಲಿಂಡರ್ ಸೋರಿ ಬ್ರೇಕ್ ಶೂ ಎಣ್ಣೆಯಲ್ಲಿ ನೆನೆದಿತ್ತು. ಆ ಚಕ್ರ ಎಷ್ಟು ಕಾಲದಿಂದ ಬ್ರೇಕೇ ಹಿಡಿಯುತ್ತಿರಲಿಲ್ಲವೋ! ಪೆಡಲ್ ಒತ್ತಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಮುಂದಿನ ಡಿಸ್ಕ್ ಎಲ್ಲವನ್ನೂ ನಿಭಾಯಿಸುತ್ತಿತ್ತು. ಸುಳಿವು ಒಂದೇ ಇತ್ತು. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಮಿನಿಮಂ ಗೆರೆಗಿಂತ ಕೆಳಗೆ ಹೋಗಿತ್ತು. ಎರಡೂ ಕಡೆ ಸಿಲಿಂಡರ್, ಎರಡೂ ಕಡೆ ಶೂ ಬದಲಾಯಿಸಿದೆವು. ಒಂದೇ ಕಡೆ ಬದಲಾಯಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಟೈರುಗಳಲ್ಲಿ ಗೀರಿನ ಆಳ ಚೆನ್ನಾಗಿಯೇ ಇತ್ತು, 1.6 ಮಿಲಿಮೀಟರ್ ಅನ್ನುವ ಕನಿಷ್ಠ ಮಿತಿಗಿಂತ ಎಷ್ಟೋ ಮೇಲೆ. ಆದರೆ ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು. ಟೈರಿನ ಮೇಲೆ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 2316 ಅಂತಿತ್ತು, ಅಂದರೆ 2016ರ 23ನೇ ವಾರ ಹುಟ್ಟಿದ್ದು. ಇನ್‌ಸ್ಪೆಕ್ಟರ್ ಅದನ್ನು ಕೇಳುವುದಿಲ್ಲ. ಘಾಟಿಯಲ್ಲಿ ಓಡಾಡುವ ನಾನು ಕೇಳಲೇಬೇಕು. ಆಲ್ಟೋದ 12 ಇಂಚಿನ ಟೈರು ದುಬಾರಿಯೂ ಅಲ್ಲ, ನಾಲ್ಕೂ ಹೊಸದು ಹಾಕಿಸಿದೆ.

ಹೊಗೆ ಪರೀಕ್ಷೆ ಮೊದಲ ಸಲ ಫೇಲ್. ಬಿಎಸ್ 3 ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ 0.5 ಪರ್ಸೆಂಟ್ ಒಳಗಿರಬೇಕು, ನಮ್ಮದು ಅದರ ಎರಡರಷ್ಟು ತೋರಿಸಿತು. ಎಮಿಷನ್ ಸೆಂಟರಿನ ಹುಡುಗ "ಎಂಜಿನ್ ಹೋಗಿದೆ ಮೇಡಂ" ಅಂದುಬಿಟ್ಟ. ಎಂಜಿನ್ ಎಲ್ಲಿಗೂ ಹೋಗಿರಲಿಲ್ಲ. ಸೈಲೆನ್ಸರ್ ಪೈಪಿನ ಮುಂದಿನ ಜಾಯಿಂಟಿನಲ್ಲಿ ಗ್ಯಾಸ್ಕೆಟ್ ಸುಟ್ಟು ಸಣ್ಣ ಲೀಕ್ ಇತ್ತು. ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡರೆ ಆಕ್ಸಿಜನ್ ಸೆನ್ಸರ್ ಮೋಸ ಹೋಗುತ್ತದೆ. ಪೆಟ್ರೋಲ್ ಕಡಿಮೆಯಾಯಿತು ಅಂತ ಅದು ಹೇಳುತ್ತದೆ, ಎಂಜಿನ್ ಕಂಪ್ಯೂಟರ್ ನಂಬಿಕೊಂಡು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಗ್ಯಾಸ್ಕೆಟ್, ಏರ್ ಫಿಲ್ಟರ್, ಮೂರು ಸ್ಪಾರ್ಕ್ ಪ್ಲಗ್. ಅಷ್ಟಕ್ಕೇ ರೀಡಿಂಗ್ ಇಳಿಯಿತು, ಮೈಲೇಜೂ ಸುಧಾರಿಸಿತು. ಎರಡನೇ ಸಲ ಹೋಗುವಾಗ ಗಾಡಿಯನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿಕೊಂಡೇ ಹೋದೆ. ಕ್ಯಾಟಲಿಟಿಕ್ ಕನ್ವರ್ಟರ್ ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ.

ಇನ್ನು ಚಾಸಿಸ್ ನಂಬರ್. ಇದಕ್ಕೆ ಇಷ್ಟು ಮಹತ್ವ ಇದೆ ಅಂತ ನನಗೆ ಗೊತ್ತಿರಲಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ 17 ಅಕ್ಷರ, ಅಂಕಿ ಹೊಡೆದಿರುತ್ತಾರೆ. ಮಾರುತಿ ಗಾಡಿಯಾದರೆ ಎಂಎ3 ಅಂತ ಶುರು. ಅದರ ಪೆನ್ಸಿಲ್ ಪ್ರಿಂಟ್ ತೆಗೆದು ಫಾರಂಗೆ ಅಂಟಿಸಬೇಕು. ಮೇಸ್ತ್ರಿ ಮೊದಲು ಸೀಮೆಎಣ್ಣೆ ಬಟ್ಟೆಯಿಂದ ಜಾಗ ಒರೆಸಿದ. ಆಮೇಲೆ ಪೆನ್ಸಿಲ್ ಸೀಸವನ್ನು ಅಡ್ಡ ಹಿಡಿದು ನಂಬರ್ ಮೇಲೆ ತಿಕ್ಕಿದ, ಸೆಲ್ಲೋ ಟೇಪ್ ಒತ್ತಿ ಹಿಡಿದು ಒಂದೇ ಉಸಿರಿಗೆ ಕಿತ್ತ. ಟೇಪಿನ ಮೇಲೆ ನಂಬರ್ ಕಪ್ಪಗೆ ಮೂಡಿತು. ಹದಿನೈದು ಅಕ್ಷರ ಚೊಕ್ಕ, ಕೊನೆಯ ಎರಡು ಮಬ್ಬು. ಅಲ್ಲೂ ತುಕ್ಕು ಹೂ ಬಿಟ್ಟಿತ್ತು.

ನಾನು ಸ್ಯಾಂಡ್ ಪೇಪರ್ ಕೈಗೆತ್ತಿಕೊಂಡದ್ದೇ ತಡ, "ಅಯ್ಯೋ ಅಕ್ಕಾ, ಬೇಡ!" ಅಂತ ಕಿರುಚಿದ. ಉಜ್ಜಿದರೆ ನಂಬರ್ ಇನ್ನೂ ಸವೆಯುತ್ತದೆ. ಉಜ್ಜಿದ ಗುರುತು ಕಂಡರೆ ಕದ್ದ ಗಾಡಿಯ ಅನುಮಾನ ಬರುತ್ತದೆ. ಅಳಿಸಿಹೋದರೆ ನಾವೇ ಪಂಚ್ ಮಾಡಿಸುವ ಹಾಗಿಲ್ಲ, ಆರ್‌ಟಿಒ ಅನುಮತಿ ಬೇಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತೀಡಿದೆವು. ಆಮೇಲಿನ ಪ್ರಿಂಟ್‌ನಲ್ಲಿ 17ಕ್ಕೆ 17 ಬಂತು. ಒಣಗಿಸಿ ಮೇಲೊಂದು ತೆಳು ಗ್ರೀಸ್ ಬಳಿದೆವು. ಹಳೇ ಗಾಡಿ ಕೊಳ್ಳುವವರು ಎಂಜಿನ್ ಸದ್ದು ಕೇಳುವುದಕ್ಕೂ ಮೊದಲು ಈ ನಂಬರ್ ಓದಿ, ಆರ್‌ಸಿಯ ನಂಬರಿಗೆ ತಾಳೆ ನೋಡಿ.

ಗ್ರೌಂಡ್‌ಗೆ ಹೋದ ದಿನ ಬೆಳಿಗ್ಗೆಯೇ ಸಾಲು. ಹಳದಿ ಬೋರ್ಡಿನ ಗೂಡ್ಸ್ ಆಟೋಗಳು, ಸ್ಕೂಲ್ ವ್ಯಾನ್, ಡಿಎಲ್ ಟೆಸ್ಟಿಗೆ ಬಂದು ಎಂಟು ಹಾಕಲು ಕಾಯುತ್ತಿದ್ದ ಕಾಲೇಜು ಮಕ್ಕಳು. ನನ್ನ ಮುಂದೊಂದು ಹಳೇ ಕಾರು, ಗಾಜಿಗೆ ಕಪ್ಪು ಫಿಲಂ. 2012ರಲ್ಲಿ ಸುಪ್ರೀಂ ಕೋರ್ಟ್ ಬೇಡ ಅಂದ ಮೇಲೂ ಜನಕ್ಕೆ ಅದರ ಮೋಹ ಬಿಟ್ಟಿಲ್ಲ. ಅವರು ಅಲ್ಲೇ ಉಗುರಿನಲ್ಲಿ ಕೆರೆಯುತ್ತಾ ನಿಂತರು. ಇನ್ನೊಬ್ಬರ ಗಾಡಿಗೆ ಮುಂದೆ ದಪ್ಪ ಕ್ರ್ಯಾಶ್ ಗಾರ್ಡ್, ಅದನ್ನು ಬಿಚ್ಚಿಸಿ ಬನ್ನಿ ಅಂದರು. ಮತ್ತೊಬ್ಬರದು ಆರ್‌ಸಿಯಲ್ಲಿ ಬಿಳಿ ಬಣ್ಣ, ಗಾಡಿ ಕೆಂಪು.

ನಮ್ಮ ಸರದಿ ಬಂತು. ಇನ್‌ಸ್ಪೆಕ್ಟರ್ ಮೊದಲು ಬಾನೆಟ್ ತೆಗೆಸಿ ಪ್ರಿಂಟ್ ಹಿಡಿದು ನಂಬರ್ ತಾಳೆ ನೋಡಿದರು, ಬೆರಳಿಟ್ಟು ಒಂದೊಂದೇ ಅಕ್ಷರ. ಎಚ್‌ಎಸ್‌ಆರ್‌ಪಿ ಪ್ಲೇಟಿನ ಲಾಕ್ ಮುಟ್ಟಿ ನೋಡಿದರು. ಡಿಮ್, ಡಿಪ್, ಇಂಡಿಕೇಟರ್, ಬ್ರೇಕ್ ಲೈಟ್, ರಿವರ್ಸ್ ಲೈಟ್, ಹಾರ್ನ್, ವೈಪರ್. ಸೀಟ್ ಬೆಲ್ಟ್ ಜಗ್ಗಿ ಬಿಟ್ಟರು. ಎಲ್ಲ ಸರಸರ. ನಂಬರ್ ಪ್ಲೇಟಿನ ಮೇಲಿನ ಪುಟ್ಟ ಬಲ್ಬ್ ಉರಿಯಲಿಲ್ಲ. ಬಂದ ಗಾಡಿಗಳಲ್ಲಿ ಸುಮಾರು ಜನಕ್ಕೆ ಕೈಕೊಟ್ಟದ್ದು ಅದೇ ಬಲ್ಬ್. ಕಾರಿನ ಹಿಂದೆ ನಿಂತು ಯಾರೂ ರಾತ್ರಿ ನೋಡುವುದಿಲ್ಲ ಅಲ್ವಾ.

ಆಮೇಲೆ ಗ್ರೌಂಡಿನ ಇಳಿಜಾರಿಗೆ ಒಯ್ಯಲು ಹೇಳಿದರು. "ಹ್ಯಾಂಡ್ ಬ್ರೇಕ್ ಹಾಕಿ ನ್ಯೂಟ್ರಲ್ ಮಾಡಿ ಮೇಡಂ." ಹಾಕಿದೆ. ಗಾಡಿ ಒಂದು ಕ್ಷಣ ನಿಂತು, ಯೋಚನೆ ಮಾಡಿ, ಮೆಲ್ಲಗೆ ಹೊರಟಿತು. ಹೊಸ ಶೂ ಹಾಕಿಸಿ ಬರೀ ಊರೊಳಗೇ ಓಡಾಡಿದ್ದು. ಶೂ ಇನ್ನೂ ಡ್ರಮ್ಮಿಗೆ ಕೂತಿರಲಿಲ್ಲ, ಮೇಲೆ 15 ವರ್ಷದ ಕೇಬಲ್ ಹಿಗ್ಗಿತ್ತು. "ಕಾಲಿನ ಬ್ರೇಕ್ ಚೆನ್ನಾಗಿ ಹಿಡೀತದೆ. ಈ ಹ್ಯಾಂಡ್ ಬ್ರೇಕನ್ನ, ಆ ಬಲ್ಬನ್ನ ಸರಿ ಮಾಡಿಸ್ಕೊಂಡು ಬನ್ನಿ" ಅಂದರು. ಅರ್ಜಿ ತಿರಸ್ಕಾರ ಆಗಲಿಲ್ಲ, ಫೀಸು ಮತ್ತೆ ಕಟ್ಟಿಸಿಕೊಳ್ಳಲೂ ಇಲ್ಲ. ಮೇಸ್ತ್ರಿ ಹೊಸ ಕೇಬಲ್ ಹಾಕಿ, ಡ್ರಮ್ಮಿನೊಳಗಿನ ಅಡ್ಜಸ್ಟರ್ ಬಿಗಿ ಮಾಡಿ, ಘಾಟಿಯಲ್ಲಿ ಒಂದು ಸುತ್ತು ಓಡಿಸಿ ಮತ್ತೆ ಬಿಗಿ ಮಾಡಿದ. ಮುಂದಿನ ಸಲ ಅದೇ ಇಳಿಜಾರಿನಲ್ಲಿ ಗಾಡಿ ಕದಲಲಿಲ್ಲ. ಇನ್‌ಸ್ಪೆಕ್ಟರ್ ಹಿಂದಿನಿಂದ ಒಮ್ಮೆ ತಳ್ಳಿಯೂ ನೋಡಿ ತಲೆಯಾಡಿಸಿದರು.

ಇಷ್ಟೆಲ್ಲ ಆದ ಮೇಲೆ ಫಲಿತಾಂಶ ಅಂತ ಸಿಕ್ಕಿದ್ದು ಎಂಪರಿವಾಹನ್ ಆ್ಯಪ್‌ನಲ್ಲಿ ಬದಲಾದ ಒಂದು ದಿನಾಂಕ. ಕಾರ್ಡ್ ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ಬಂತು. ಯಾವುದು ಚೆನ್ನಾಗಿದೆ, ಯಾವುದು ಇನ್ನೊಂದು ವರ್ಷದಲ್ಲಿ ಕೈಕೊಡಬಹುದು ಅಂತ ಅದರಲ್ಲಿ ಏನೂ ಇಲ್ಲ. ಆ ಪಟ್ಟಿ ಇರುವುದು ಮೇಸ್ತ್ರಿಯ ಎಣ್ಣೆ ಮೆತ್ತಿದ ಬಿಲ್ ಬುಕ್ಕಿನ ಹಿಂದೆ. ನಾನು ಅದರ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಬಲಗಡೆ ರ್‍ಯಾಕ್ ಎಂಡ್‌ನಲ್ಲಿ ಚೂರು ಆಟ (ಸ್ಟೀರಿಂಗ್ ಸಡಿಲ) ಇದೆ, ಸದ್ಯಕ್ಕೆ ನಡೆಯುತ್ತದೆ. ಹೆಡ್‌ಲೈಟಿನ ಒಳಗಿನ ಬೆಳ್ಳಿ ಬಣ್ಣ ಮಾಸಿದೆ, ಎಷ್ಟು ಒಳ್ಳೆಯ ಬಲ್ಬ್ ಹಾಕಿದರೂ ಬೆಳಕು ಅಷ್ಟಕ್ಕಷ್ಟೇ, ಅಸೆಂಬ್ಲಿಯೇ ಬದಲಾಯಿಸಬೇಕು. ಸ್ಟೆಪ್ನಿ ಗುಂಡಿಯ ತುಕ್ಕು ಕೆರೆದು ಪ್ರೈಮರ್ ಹೊಡೆದದ್ದು, ಮಳೆಗಾಲ ಮುಗಿದ ಮೇಲೆ ಮತ್ತೆ ನೋಡಬೇಕು.

ರನ್ನಿಂಗ್ ಬೋರ್ಡಿನ ಅಡಿಯ ತೂತುಗಳನ್ನು ಈಗ ನಾನೇ ತಿಂಗಳಿಗೊಮ್ಮೆ ತೆಂಗಿನ ಗರಿಯ ಕಡ್ಡಿ ಹಾಕಿ ಬಿಡಿಸುತ್ತೇನೆ. ಮೊನ್ನೆ ಭಾವ ಬಂದಿದ್ದಾಗ ನೋಡಿ, ಅವರ ಕಾರಿನ ಬಾಗಿಲ ಕೆಳಗೂ ಬಗ್ಗಿ ಒಂದು ಕಡ್ಡಿ ಹಾಕಿದರು. ಅವರದ್ದು 2013ರ ಗಾಡಿ. ಮಂಗಳೂರಿನದ್ದು.